ಬಾಡಿಗೆ ಸರ್ವರ್, ನೆಟ್‌ವರ್ಕ್ ಬೂಟ್: ನಮ್ಮ ಡಿಎಚ್‌ಸಿಪಿ ಇಲ್ಲದೆ ಹೇಗೆ?

ಪ್ರಶ್ನೆ (ಮೈಸೂರು): ನಮಸ್ಕಾರ ಸರ್. ಹೆಬ್ಬಾಳದ ಕಡೆ ನಮ್ಮದೊಂದು ಸಣ್ಣ ಕಂಪನಿ. ಮೂರು ಬೇರ್ ಮೆಟಲ್ ಸರ್ವರ್ (ವರ್ಚುವಲ್ ಅಲ್ಲ, ಇಡೀ ಮಷೀನೇ) ಬಾಡಿಗೆಗೆ ತೆಗೆದುಕೊಂಡಿದ್ದೇವೆ. ಕುಬರ್ನೆಟಿಸ್‌ಗೆಂದೇ ಇರುವ ಟಾಲೋಸ್ ಲಿನಕ್ಸ್ ಹಾಕಿ, ಓಮ್ನಿ ಎಂಬ ನಿರ್ವಹಣಾ ಸಾಫ್ಟ್‌ವೇರ್ ನೋಡಿಕೊಳ್ಳುವ ಕುಬರ್ನೆಟಿಸ್ ಕ್ಲಸ್ಟರ್‌ಗೆ (ಒಟ್ಟಾಗಿ ಕಂಟೇನರ್ ಓಡಿಸುವ ಸರ್ವರ್‌ಗಳ ಗುಂಪು) ಸೇರಿಸಬೇಕು. ಆಫೀಸ್ ಲ್ಯಾಬ್‌ನಲ್ಲಿ ನಮ್ಮದೇ ಡಿಎಚ್‌ಸಿಪಿ (ಐಪಿ ವಿಳಾಸ ಕೊಡುವುದು), ಟಿಎಫ್‌ಟಿಪಿ (ಬೂಟ್ ಫೈಲ್ ಕೊಡುವುದು) ಇಟ್ಟು ಪಿಎಕ್ಸ್‌ಇ ಬೂಟ್, ಅಂದರೆ ನೆಟ್‌ವರ್ಕ್‌ನಿಂದ ಬೂಟ್, ಮಾಡುತ್ತೇವೆ. ಇಲ್ಲಿ ಹೇಗೆ? ಬಾಡಿಗೆ ಕೊಟ್ಟವರ ಪೋರ್ಟಲ್‌ನಲ್ಲಿ ಐಪಿಎಕ್ಸ್‌ಇ (ಸ್ಕ್ರಿಪ್ಟ್ ಓದಿ ನೆಟ್‌ವರ್ಕ್‌ನಿಂದ ಬೂಟ್ ಮಾಡುವ ಪ್ರೋಗ್ರಾಂ) ಸ್ಕ್ರಿಪ್ಟಿನ ಯುಆರ್‌ಎಲ್ ಕೇಳುವ ಜಾಗ ಬಿಟ್ಟರೆ ಬೇರೇನೂ ಇಲ್ಲ.

ಉತ್ತರ (ಮಂಡ್ಯ): ತಡ ಆಯ್ತು, ಸಂಜೆ ಇಲ್ಲಿ ಕರೆಂಟ್ ಇರಲಿಲ್ಲ.

ಆ ಒಂದು ಜಾಗ ಸಾಕು. ಡಿಎಚ್‌ಸಿಪಿ ಯೋಚನೆ ಬಿಟ್ಟುಬಿಡಿ. ಅಲ್ಲಿನ ನೆಟ್‌ವರ್ಕ್ ಅವರದು, ಬೂಟ್ ಫೈಲ್ ಯಾವ ಸರ್ವರ್‌ನಲ್ಲಿದೆ, ಅದರ ಹೆಸರೇನು ಎಂದು ಹೇಳುವ ಡಿಎಚ್‌ಸಿಪಿಯ 66, 67ನೇ ಆಪ್ಷನ್ ಕೊಡುವುದೂ ಅವರೇ. ನೀವು ಇನ್ನೊಂದು ಡಿಎಚ್‌ಸಿಪಿ ಹಚ್ಚುವುದು, ಬಾಡಿಗೆ ಮನೆಗೆ ಹೋಗಿ ಓನರ್ ಮೀಟರ್ ಬದಲಾಯಿಸಿದ ಹಾಗೆ.

ಮೊದಲು ಅವರ ಐಪಿಎಕ್ಸ್‌ಇ ಏಳುತ್ತದೆ, ಆಮೇಲೆ ನಿಮ್ಮ ಸ್ಕ್ರಿಪ್ಟ್ ಓದುತ್ತದೆ. ಕರ್ನಲ್ (ಲಿನಕ್ಸ್‌ನ ತಿರುಳು) ಎಲ್ಲಿದೆ, ಇನಿಟ್‌ರಾಮ್‌ಎಫ್‌ಎಸ್ (ಕರ್ನಲ್ ಜೊತೆ ರ‍್ಯಾಮ್‌ಗೆ ಇಳಿಯುವ ಫೈಲುಗಳ ಕಟ್ಟು) ಎಲ್ಲಿದೆ, ಕರ್ನಲ್‌ಗೆ ಏನು ಹೇಳಬೇಕು, ಇಷ್ಟು ಅದರಲ್ಲಿದ್ದರೆ ಆಯ್ತು. ಕ್ಲಸ್ಟರ್ ಸೇರುವ ವಿಷಯ ಇರುವುದು ಆ ಕೊನೆಯದರಲ್ಲಿ. 'ಸೈಡರೊಲಿಂಕ್.ಎಪಿಐ=' ಎಂಬುದರ ಮುಂದೆ ಓಮ್ನಿಯ ವಿಳಾಸ, ಸೇರುವ ಟೋಕನ್ (ಒಳಗೆ ಬಿಡುವ ಗುಟ್ಟಿನ ಗುರುತು) ಎರಡೂ ಬರುತ್ತವೆ. ಮಷೀನ್ ಎದ್ದು ತಾನೇ ಓಮ್ನಿಯನ್ನು ಹುಡುಕಿಕೊಂಡು ಹೋಗಿ ವೈರ್‌ಗಾರ್ಡ್ (ಒಂದು ಬಗೆಯ ವಿಪಿಎನ್) ಟನಲ್ ಮಾಡಿಕೊಳ್ಳುತ್ತದೆ. ಆ ಟನಲ್‌ಗಾಗಿ ಹೊರಗೆ ಹೋಗುವ ಯುಡಿಪಿ ಟ್ರಾಫಿಕ್‌ಗೆ ಫೈರ್‌ವಾಲ್ ಅಡ್ಡ ಬರಬಾರದು.

ಟೋಕನ್ ಇರುವ ಸ್ಕ್ರಿಪ್ಟನ್ನು ಎಲ್ಲರಿಗೂ ತೆರೆಯುವ ಕಡೆ ಇಡಬೇಡಿ. ಅದು ಸಿಕ್ಕವರ ಮಷೀನೂ ನಿಮ್ಮ ಪಟ್ಟಿಯಲ್ಲಿ ಬಂದು ಕೂರಬಹುದು.

ಇನ್ನೊಂದು ಮಾತು. ಮೂರೇ ಮಷೀನ್ ಅಲ್ವಾ? ಪೋರ್ಟಲ್‌ನಲ್ಲಿ ರೆಸ್ಕ್ಯೂ ಮೋಡ್ (ರಿಪೇರಿಗೆಂದು ತಾತ್ಕಾಲಿಕವಾಗಿ ಬೇರೆ ಲಿನಕ್ಸ್ ಏಳಿಸುವುದು) ಇದ್ದರೆ ಓಮ್ನಿಯಿಂದ ಇಳಿಸಿದ ಇಮೇಜನ್ನು ಡಿಡಿ ಕಮಾಂಡ್‌ನಲ್ಲಿ ಡಿಸ್ಕ್‌ಗೆ ಬರೆದರೂ ಆಗುತ್ತದೆ. ನೆಟ್‌ವರ್ಕ್ ಬೂಟ್‌ನ ಲಾಭ ಕಾಣುವುದು ಮಷೀನ್ ಜಾಸ್ತಿ ಇದ್ದಾಗ.

ಪ್ರಶ್ನೆ (ಮೈಸೂರು): ಕರ್ನಲ್ ಇಳಿಯಿತು ಸರ್. ಆಮೇಲೆ ಕನ್ಸೋಲ್‌ನಲ್ಲಿ ಏನೂ ಇಲ್ಲ, ಓಮ್ನಿಗೂ ಬಂದಿಲ್ಲ.

ಉತ್ತರ (ಮಂಡ್ಯ): ಕನ್ಸೋಲ್ ಖಾಲಿ ಎಂದರೆ ಮಷೀನ್ ನಿಂತಿದೆ ಎಂದೇನಲ್ಲ. ಕೆಲವು ಸರ್ವರ್‌ಗಳಲ್ಲಿ ಸೀರಿಯಲ್ ಕನ್ಸೋಲ್ ಇರುವ ಪೋರ್ಟ್ ಟಿಟಿವೈಎಸ್1, ನೀವು ಕರ್ನಲ್ ಸಾಲಿನಲ್ಲಿ ಟಿಟಿವೈಎಸ್0 ಎಂದು ಕೊಟ್ಟಿದ್ದರೆ ಏನೂ ಕಾಣುವುದಿಲ್ಲ. ಅದನ್ನು ಬದಲಿಸಿ ನೋಡಿ.

ಓಮ್ನಿಗೆ ಬಾರದಿರುವುದಕ್ಕೆ ನನಗೆ ಅನುಮಾನ ಐಪಿ ಮೇಲೆ. ಐಪಿಎಕ್ಸ್‌ಇಗೆ ಸಿಕ್ಕ ವಿಳಾಸ ಕರ್ನಲ್‌ಗೆ ತಾನಾಗಿ ದಾಟುವುದಿಲ್ಲ. ಟಾಲೋಸ್ ಎದ್ದು ಮತ್ತೆ ಹೊಸದಾಗಿ ಡಿಎಚ್‌ಸಿಪಿ ಕೇಳುತ್ತದೆ. ಬಾಡಿಗೆ ಕೊಟ್ಟವರು ಬೂಟ್‌ಗೆ ಮಾತ್ರ ಡಿಎಚ್‌ಸಿಪಿ ಕೊಟ್ಟು, ಆಮೇಲೆ ನೀವೇ ಸ್ಟ್ಯಾಟಿಕ್ (ಬದಲಾಗದ) ವಿಳಾಸ ಹಾಕಿಕೊಳ್ಳಿ ಅನ್ನುವವರಾದರೆ ಅಲ್ಲೇ ನಿಲ್ಲುತ್ತದೆ. ಕರ್ನಲ್ ಸಾಲಿನಲ್ಲಿ 'ಐಪಿ=' ಹಾಕಿ ವಿಳಾಸ, ಗೇಟ್‌ವೇ, ನೆಟ್‌ಮಾಸ್ಕ್, ಇಂಟರ್‌ಫೇಸ್ ಹೆಸರು ಕೊಡಿ.

ಇನ್ನೊಬ್ಬರು (ಶ್ರೀರಂಗಪಟ್ಟಣ): ಸೇರಿದ ಮೇಲೂ ಪ್ರತಿ ಸಲ ನೆಟ್‌ವರ್ಕ್‌ನಿಂದಲೇ ಬೂಟ್ ಆಗಬೇಕಾ ಸರ್?

ಉತ್ತರ (ಮಂಡ್ಯ): ಬೇಡ. ನೆಟ್‌ವರ್ಕ್‌ನಿಂದ ಎದ್ದ ಟಾಲೋಸ್ ರ‍್ಯಾಮ್‌ನಲ್ಲಿ ಓಡುತ್ತದೆ. ಓಮ್ನಿಯಿಂದ ಕಾನ್ಫಿಗ್ ಸಿಕ್ಕ ಮೇಲೆ ಡಿಸ್ಕ್‌ನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಆಮೇಲೆ ಬೂಟ್ ಆರ್ಡರ್‌ನಲ್ಲಿ ಡಿಸ್ಕ್ ಮೊದಲು ಬರಲಿ. ಇಲ್ಲದಿದ್ದರೆ ಅಪ್‌ಗ್ರೇಡ್ ಮಾಡಿದ ಮೇಲೂ ಸ್ಕ್ರಿಪ್ಟಿನಲ್ಲಿರುವ ಹಳೇ ಕರ್ನಲ್ಲೇ ಏಳುತ್ತದೆ.