ಅಪ್‌ಡೇಟ್: ಹೊಲಿಗೆ, ಮಕ್ಕಳು ಎರಡೂ ಈಗ ಸ್ವಲ್ಪ ಹಿಡಿತಕ್ಕೆ ಬಂದಿವೆ

2 ಮತ್ತು 4 ವರ್ಷದ ಮಕ್ಕಳನ್ನಿಟ್ಟುಕೊಂಡು ಮನೆಯಲ್ಲೇ ಹೊಲಿಗೆ ಮಾಡ್ತೀನಿ, ಹೇಳಿದ ದಿನಕ್ಕೆ ಬಟ್ಟೆ ಕೊಡೋಕಾಗ್ತಿಲ್ಲ, ಏನು ಮಾಡಲಿ ಅಂತ 10 ದಿನದ ಹಿಂದೆ ಇಲ್ಲಿ ಕೇಳಿದ್ದೆ.

ರಾತ್ರಿ ಮಕ್ಕಳು ಮಲಗಿದ ಮೇಲೆ ಹೊಲಿಯೋದು ನನಗೆ ಆಗಲಿಲ್ಲ. ನಿದ್ದೆಗಣ್ಣಲ್ಲಿ ತೋಳನ್ನು ಉಲ್ಟಾ ಜೋಡಿಸಿ, ಬೆಳಗ್ಗೆ ಎಲ್ಲಾ ಬಿಚ್ಚಿದೆ.

ಕೈ ಹಿಡಿದದ್ದು ಕೆಲಸ ಒಡೆದುಕೊಳ್ಳುವ ಸಲಹೆ. ಕತ್ತರಿ, ಮೆಷಿನ್ ಮಧ್ಯಾಹ್ನ ಮಕ್ಕಳು ಮಲಗಿದಾಗ ಮಾತ್ರ. ಎದ್ದಿರುವಾಗ ಲೆಕ್ಕ, ಪ್ಯಾಕಿಂಗ್. ವಾಟ್ಸಾಪ್ ಬಿಸಿನೆಸ್‌ನಲ್ಲಿ ‘ಸಂಜೆ 4ರ ನಂತರ ಉತ್ತರಿಸುತ್ತೇನೆ’ ಅಂತ ತಾನಾಗೇ ಹೋಗುವ ಸಂದೇಶ ಹಾಕಿದೆ. ಗ್ರಾಹಕರು ಬೇರೆ ಕಡೆ ಹೋಗ್ತಾರೇನೋ ಅಂತ ಭಯವಿತ್ತು, ಒಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ!

ಇನ್ನೊಂದು: ಮಗಳಿಗೆ ಚೂರುಬಟ್ಟೆ ಕೊಟ್ಟು ಬಣ್ಣ ಬೇರೆ ಮಾಡು ಅಂದೆ. ಅರ್ಧ ಗಂಟೆ ತಲೆ ಎತ್ತಲಿಲ್ಲ ಪುಟ್ಟಿ. ಚಿಕ್ಕವನು ಮಲಗದ ದಿನ ಮಾತ್ರ ಮೆಷಿನ್ ತೆಗೆಯಲ್ಲ. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.