ಮಳೆಗಾಲದಲ್ಲಿ ಶಿವಮೊಗ್ಗದಿಂದ ಒಂದೇ ಸವಾರಿಯಲ್ಲಿ 100 ಕಿ.ಮೀ.: ಯಾವ ದಾರಿ? ರೆಕಾರ್ಡಿಂಗ್ ನಿಲ್ಲದಂತೆ ಏನು ಮಾಡಬೇಕು?

ಹೊಸಪೆಡಲ್:
ಸವಾರಿ ದಾಖಲಿಸುವ ಆ್ಯಪ್ ಸ್ಟ್ರಾವಾದ ಗ್ರಾನ್ ಫಾಂಡೊ ಚಾಲೆಂಜ್‌ಗೆ (100 ಕಿ.ಮೀ. ಸವಾರಿ) ಸೇರಿದ್ದೇನೆ. ಹೈಬ್ರಿಡ್ ಸೈಕಲ್, 700×35 ಟೈರು, ವಿ-ಬ್ರೇಕ್ (ಪ್ಯಾಡ್ ರಿಮ್ಮನ್ನು ಹಿಡಿಯುವಂಥದ್ದು), ನನ್ನ ತೂಕ 72 ಕೆ.ಜಿ. 50 ಕಿ.ಮೀ. ಆರಾಮಾಗಿ ಆಗುತ್ತೆ, ಸರಾಸರಿ ಗಂಟೆಗೆ 19. ತೀರ್ಥಹಳ್ಳಿಗೆ ಹೋಗಿಬಂದರೆ 120 ಆಗಬಹುದು ಅಂತ ಲೆಕ್ಕ. ಆದರೆ ಮಂಡಗದ್ದೆ ಕಡೆ ಫೋನಿನಲ್ಲಿ ರೆಕಾರ್ಡಿಂಗ್ ನಿಂತು, ಮ್ಯಾಪಲ್ಲಿ ನೇರ ಗೆರೆ ಬೀಳುತ್ತೆ. ನೆಟ್‌ವರ್ಕ್ ಇಲ್ಲದ್ದಕ್ಕಾ? ಎರಡು ದಿನ 50–50 ಹೊಡೆದರೆ ನಡೆಯುತ್ತಾ?

ಚೈನ್‌ಗ್ರೀಸ್:
50–50 ನಡೆಯಲ್ಲ ಸರ್, ಒಂದೇ ಸವಾರಿಯಲ್ಲಿ 100 ಆಗಬೇಕು. ಕೈಯಾರೆ ನಮೂದಿಸಿದ್ದೂ ಲೆಕ್ಕಕ್ಕೆ ಬರಲ್ಲ.

ನೆಟ್‌ವರ್ಕ್‌ದು ತಪ್ಪಲ್ಲ. ಜಿಪಿಎಸ್ ಉಪಗ್ರಹದಿಂದ ಬರೋದು, ಸಿಗ್ನಲ್ ಇಲ್ಲದಿದ್ದರೂ ದಾಖಲಾಗುತ್ತೆ, ಆಮೇಲೆ ಅಪ್‌ಲೋಡ್ ಆಗುತ್ತೆ. ನೇರ ಗೆರೆ ಬೀಳೋದು ಬಹುತೇಕ ಫೋನಿನ ಬ್ಯಾಟರಿ ಸೇವರ್ ಆ್ಯಪನ್ನು ಹಿನ್ನೆಲೆಯಲ್ಲಿ ನಿಲ್ಲಿಸಿಬಿಡುವುದರಿಂದ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ, ಬ್ಯಾಟರಿ ಸೇವರ್ ಆಫ್ ಮಾಡಿ, ಲೊಕೇಶನ್ ಅನುಮತಿ ಕೊಡಿ. ಗೆರೆ ತಿರುವುಗಳನ್ನು ನುಂಗುವುದರಿಂದ ದೂರವೂ ಕಮ್ಮಿ ಬರುತ್ತೆ, ಹಾಗಾಗಿ 103 ತೋರಿಸುವವರೆಗೆ ತುಳಿಯಿರಿ. 99.8ಕ್ಕೆ ಮನೆ ಮುಟ್ಟಿದರೆ ಹೊಟ್ಟೆಯುರಿ.

ಕಾಫಿಗೆ ನಿಂತಾಗ ಪಾಜ್ ಒತ್ತಿ, ಫಿನಿಶ್ ಅಲ್ಲ. ಎರಡು ತುಂಡಾದರೆ ಆ್ಯಪ್‌ನಲ್ಲಿ ಜೋಡಿಸಲು ಆಗಲ್ಲ. ಒದ್ದೆ ಸ್ಕ್ರೀನ್ ತಾನೇ ಒತ್ತಿಕೊಳ್ಳುತ್ತೆ. ಲಾಕ್ ಮಾಡಿ ಜಿಪ್ ಕವರಲ್ಲಿ ಹಾಕಿ ಜೇಬಲ್ಲಿಡಿ.

ತುಂಗಾದಂಡೆ:
ಈ ತಿಂಗಳು ತೀರ್ಥಹಳ್ಳಿ ಬೇಡ. ಪಶ್ಚಿಮಕ್ಕೆ ಹೋದಷ್ಟೂ ಮಳೆ ಹೆಚ್ಚು. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ.ಗೂ ಮೇಲೆ ಬೀಳುತ್ತೆ, ಶಿವಮೊಗ್ಗ ಊರಿಗೆ ಅದರ ಕಾಲು ಭಾಗವೂ ಇಲ್ಲ. ಒಣ ರಸ್ತೆ ಬೇಕಾದರೆ ಹೊನ್ನಾಳಿ ದಾಟಿ 51–52ನೇ ಕಿ.ಮೀ.ಗೆ ತಿರುಗಿ. ಬಹುತೇಕ ಸಮತಟ್ಟು.

ಗಾಳಿಪಟ:
ಹೊನ್ನಾಳಿ ಸಮತಟ್ಟು ಸರಿ. ಆದರೆ ಮುಂಗಾರಿನ ಗಾಳಿ ನೈಋತ್ಯದಿಂದ. ಹೋಗುವಾಗ ಬೆನ್ನಿಗೆ ಬೀಸಿ ಚೆನ್ನಾಗಿ ಓಡಿಸುತ್ತೆ, ಕಾಲು ಸೋತ ಮೇಲೆ ವಾಪಸಿನಲ್ಲಿ ಎದೆಗೆ. ಶಿಕಾರಿಪುರ ಆದರೆ ಗಾಳಿ ಹೆಚ್ಚಾಗಿ ಪಕ್ಕದಿಂದ, ದೂರವೂ ಒಂದು ಕಡೆಗೆ 52ರ ಆಸುಪಾಸು, ಹೋಗಿಬಂದರೆ ಮುಗೀತು. ಏರಿಳಿತ ಸ್ವಲ್ಪ ಇದೆ.

ನಿಮ್ಮ ವೇಗಕ್ಕೆ ತುಳಿಯೋದೇ ಐದೂವರೆ ಗಂಟೆ. ಗಂಟೆಗೆ 40–60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ಅಂದರೆ ಎರಡು ಬಾಳೆಹಣ್ಣು. ಹಸಿವಾದ ಮೇಲೆ ತಿಂದರೆ ತಡವಾಯ್ತು, 30ನೇ ನಿಮಿಷದಿಂದಲೇ ಶುರುಮಾಡಿ. ಮಳೆಯಲ್ಲಿ ದಾಹ ಗೊತ್ತಾಗಲ್ಲ, ಆದರೂ ಗಂಟೆಗೆ ಅರ್ಧ ಲೀಟರ್ ಕುಡೀರಿ.

ಚೈನ್‌ಗ್ರೀಸ್:
ಗಾಳಿಯ ಮಾತು ಒಪ್ಪಿದೆ. ಇನ್ನು ಬ್ರೇಕ್: ಒದ್ದೆ ರಿಮ್ಮಿನಲ್ಲಿ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತೆ, ಆಮೇಲೆ ಹಿಡಿಯೋದು. ಇಳಿಜಾರಿಗೆ ಮುಂಚೆಯೇ ಮೆಲ್ಲಗೆ ಒತ್ತಿ. ಪ್ಯಾಡಿನ ಗೆರೆ ಸವೆದಿದ್ದರೆ ಬದಲಿಸಿ, ಮರಳು ಕಚ್ಚಿದ್ದರೆ ಪಿನ್ನಿಂದ ಕೀಳಿ, ಇಲ್ಲದಿದ್ದರೆ ರಿಮ್ ಕೆರೆಯುತ್ತೆ.

ಟೈರಿಗೆ ಗಾಳಿಯ ಒತ್ತಡ ಹಿಂದೆ 60, ಮುಂದೆ 55 ಪಿಎಸ್‌ಐ, ಒದ್ದೆಗೆ 5 ಇಳಿಸಿ. ಒದ್ದೆಯಲ್ಲಿ ಪ್ಯಾಚಿನ ಅಂಟು ಕೂರಲ್ಲ, ಎರಡು ಟ್ಯೂಬ್ ಒಯ್ಯಿರಿ. ಹೊಸದು ಹಾಕೋ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿ. ಬೈಕಿನಂಥ ದಪ್ಪ ವಾಲ್ವ್ ಆದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತೆ, ತೆಳ್ಳನೆಯ ಪ್ರೆಸ್ಟಾ ಆದರೆ ಹಿತ್ತಾಳೆ ಅಡಾಪ್ಟರ್ ಜೇಬಲ್ಲಿರಲಿ.

ಹೊಸಪೆಡಲ್:
ಶಿಕಾರಿಪುರವೇ ಆಗಲಿ. ವಾಲ್ವ್ ದಪ್ಪದ್ದೇ. ಪ್ಯಾಡ್ ಯಾವುದು ಕೇಳಲಿ?

ಚೈನ್‌ಗ್ರೀಸ್:
ವಿ-ಬ್ರೇಕಿಗೆ 70 ಮಿ.ಮೀ., ಬೋಲ್ಟ್ ಇರುವಂಥದ್ದು. ಮುಂದಿನ ತುದಿ ಒಂದು ಮಿ.ಮೀ. ಮೊದಲು ರಿಮ್ಮಿಗೆ ತಾಗುವಂತೆ ಕೂರಿಸಿ, ಇಲ್ಲದಿದ್ದರೆ ಕೀರಲಾಟ.