ಕಲ್ಲು ತೆಳ್ಳಗ ಆಗವಲ್ದು, ಬರೇ ಸಣ್ಣದಾಗ್ಲಿಕತ್ತದ. ಮಾಡಿದವ್ರು ಅನುಭವ ಹೇಳ್ರಿ

ಸುರಪುರದಾಂವ:
ನಮಸ್ಕಾರ್ರಿ ಎಲ್ಲಾರಿಗೂ. ಕಲ್ಲಿನ ಚಕ್ಕಿ (ತೆಳ್ಳನ ಸೀಳು) ಎಬ್ಬಿಸಿ ಬಾಣದ ಮೊನಿ, ಚೂರಿ ಮಾಡೋದು ಹೊಸದಾಗಿ ಕಲೀಲಿಕತ್ತೀನಿ. ನಮ್ ಕಡಿ ಚರ್ಟ್ ಅನ್ನೋ ಬೆಣಚಿನಂಥ ಗಟ್ಟಿ ಕಲ್ಲು ಸಿಗ್ತದ. ಅಂಚು ಚಂದ ಬರ್ತದ, ಆದ್ರ ನಡುಕ ಒಂದು ಉಬ್ಬು ಉಳೀತದ, ಅದು ಏನ್ ಮಾಡಿದ್ರೂ ಹೋಗವಲ್ದು. ಹೊಡದಂಗ ಅಗಲ ಕಮ್ಮಿ ಆಗ್ತದ, ದಪ್ಪ ಇದ್ದಷ್ಟೇ ಇರ್ತದ. ಹೊಳಿ ಗುಂಡುಕಲ್ಲಿಲೇ ಹೊಡೀತೀನಿ. ತಾಮ್ರದ ಸುತ್ತಿಗಿ ತಗೋಬೇಕೇನ್ರಿ? ಬಜೆಟ್ ಒಂದ್ ಸಾವಿರ.

ಶಹಾಬಾದ್ ಕಾಕಾ:
ತಾಮ್ರ ತಗೋ ತಮ್ಮಾ, ಹಿಂದ ಮುಂದ ನೋಡ್ಬ್ಯಾಡ. ನಾ ಮಾಡ್ಸಿದ್ದು ಹೇಳ್ತೀನಿ ಕೇಳು. ತಾಮ್ರದ ಪೈಪಿನ ಕ್ಯಾಪ್ 180, ಒಳಗ ತುಂಬ್ಲಿಕ್ಕೆ ಸೀಸ ಗುಜರಿಯಾಗ 240, ಹಿಡಿಕಿ ಕಟ್ಟಿಗಿ ಪುಕಟ್, ಸಣ್ಣ ಕೆಲಸಕ್ಕ ದಪ್ಪನ್ನ ಅರ್ಥಿಂಗ್ ತಂತಿ ತುಂಡು 350, ಲೇಥಿನಾಂವ ಕ್ಯಾಪ್ ಗುಂಡಗ ಮಾಡ್ಲಿಕ್ಕೆ 300 ತಗೊಂಡ, ಅದ್ರಾಗ ಒಂದು ಕ್ಯಾಪ್ ಸೀಳಿ ಮತ್ತೊಂದು ತಂದೆ, ಮತ್ತ 180. ಸೀಸ ಮನಿಯಾಗ ಕರಗಿಸ್ಲಿಕ್ಕೆ ಹೋದೆ, ಮನಿಯಾಕಿ ಪಾತ್ರಿ ಸಮೇತ ಹೊರಗ ಹಾಕಿದ್ಲು, ಅದ್ರ ಹೊಗಿ ಭಾಳ ಕೆಟ್ಟದು. ಈಗ ನೋಡು, ಸಣ್ಣ ತುಂಡಿಗೆ ಹಗರಂದು, ದೊಡ್ಡ ತುಂಡಿಗೆ ವಜ್ಜಂದು, ಎರಡೂ ಅವ. ವಜ್ಜಂದ್ರಿಂದ ಸಣ್ಣದಕ್ಕ ಹೊಡದ್ರ ಕಲ್ಲು ನಡುಕಿಗೆ ಎರಡು ತುಂಡಾಗ್ತದ, ನಂದು ಚಲೋ ಚಲೋ ಕಲ್ಲು ಹಿಂಗೇ ಹೋದ್ವು.

ಬೀದರ್ ಬಾಟ್ಲಿ:
ಸಾವಿರ ಅಂದವಗ 1,250ರ ಲೆಕ್ಕ ಕೊಟ್ರಲ್ಲ ಕಾಕಾ 😂 ನಾ ಒಂದು ರೂಪಾಯಿ ಕಲ್ಲಿಗೆ ಹಾಕಿಲ್ಲ. ನಮ್ ಬೀದರಿನ್ಯಾಗ ಬರೇ ಜಂಬಿಟ್ಟಿಗಿ, ಅದ್ರಾಗ ಕರೇಜ್ (ನೆಲದೊಳಗಿನ ನೀರಿನ ಸುರಂಗ) ತೋಡ್ಲಿಕ್ಕಾಯ್ತು, ಚಕ್ಕಿ ಏಳ್ಲಿಕ್ಕಲ್ಲ. ಗುಜರಿಯಾಂವನ ಹತ್ರ ದಪ್ಪ ಬಾಟ್ಲಿ ತಳ ತಂದು ಅದ್ರ ಮ್ಯಾಲೇ ಕಲ್ತೆ. ಗ್ಲಾಸಿನ್ಯಾಗ ಏಟು ಎಲ್ಲಿಗೆ ಹೋಯ್ತು ಅಂತ ಕಣ್ಣಿಗೇ ಕಾಣ್ತದ. ಉಬ್ಬು ಹೋಗ್ಲಾರ್ದದ್ದು ಯಾಕಂದ್ರ ಅಂಚು ನಡುಗೆರಿಗಿಂತ (ಕಲ್ಲಿನ ದಪ್ಪದ ನಟ್ಟನಡುವಿನ ಗೆರಿ) ಮ್ಯಾಲ ಇರ್ತದ, ಹೊಡದ್ರ ಚಕ್ಕಿ ಅರ್ಧಕ್ಕ ಮುರದು ಮೆಟ್ಟಿಲು ಬೀಳ್ತದ, ಮುಂದಿನ ಚಕ್ಕಿ ಆ ಮೆಟ್ಟಿಲಿಗೇ ಬಂದು ನಿಲ್ತದ. ಮೊದ್ಲು ಅಂಚಿನ ಮ್ಯಾಲ ಸಣ್ಣ ಸಣ್ಣ ಚಕ್ಕಿ ತಗದು ಅಂಚು ನಡುಗೆರಿಗಿಂತ ಕೆಳಗ ಇಳಿಸ್ಬೇಕು, ಆಮ್ಯಾಲ ಸಾಣಿಕಲ್ಲಿಲೇ ಗರಗರ ತಿಕ್ಕಬೇಕು, ಬಳ್ಳು ಎಳದ್ರ ಕೊಯ್ಯಬಾರ್ದು ಅಷ್ಟು ಮೊಂಡ ಆಗ್ಬೇಕು, ಆಗ ಅದು ಏಟು ತಡೀತದ. ಕೆಳಗಿನ ಮಗ್ಗಲಿಂದ ಚಕ್ಕಿ ಹೋಗ್ತದ, ಉಬ್ಬಿನ ಆಚೆ ತನಕ. ತಿಕ್ಕೋದು ಬ್ಯಾಸರ ಅಂತ ಬಿಟ್ರ ತಾಮ್ರ ಅಲ್ಲ ಬಂಗಾರದ್ದು ತಂದ್ರೂ ಅಷ್ಟೇ.

ಸೇಡಂ ಗೌಡ:
ಬಾಟ್ಲಿ ಒಡಿಯೋರು ಕಲ್ಲಿನ ಬಗ್ಗೆ ಮಾತಾಡ್ಬಾರ್ದು. ಗ್ಲಾಸ್ ತಾನಾಗಿ ಒಡೀತದ, ನಮ್ ಚರ್ಟ್ ಜಿಗಟ ಇರ್ತದ. ನಾ ಅದಕ್ಕ ಬೆಂಕಿ ಕೊಡ್ತೀನಿ, ಕಾದ್ರ ಚಕ್ಕಿ ಸಲೀಸಾಗಿ ಏಳ್ತದ. ಮೊದ್ಲು ತೆಳ್ಳನ ತುಂಡು ಮಾಡಿ ಬಿಸಲಾಗ ಒಣಗಿಸಿ, ಡಬ್ಬಿಯಾಗ ಉಸುಕು ತುಂಬಿ ಅದ್ರಾಗ ಹುಗದು, ಮ್ಯಾಲ ಕುಳ್ಳು ಸುತ್ತ ಕುಳ್ಳು, ನಿಧಾನ ಉರಿ, ಪೂರಾ ಆರೂತನಕ ಮುಟ್ಟಬಾರ್ದು. ಮೊದಲ್ನೇ ಸಲ ಒದ್ದಿ ಕಲ್ಲು ಇಟ್ಟಿದ್ದು ಪಟಾಕಿ ಹಾರಿದಂಗ ಹಾರಿ ಡಬ್ಬಿ ಸೀಳೇ ಹೋಯ್ತು, ಕುಳ್ಳಿನ ರೊಕ್ಕ ಬ್ಯಾರೆ. ಬರೋಬ್ಬರಿ ಕಾದಿದ್ದು ಒಡದ್ರ ಒಳಗ ಎಣ್ಣಿ ಹಚ್ಚಿದಂಗ ಹೊಳೀತದ, ಒಂದೊಂದು ಕೆಂಪಗಾಗ್ತದ. ಸುಮಾರು 300 ಡಿಗ್ರಿ ಸಾಕು, ಹೆಚ್ಚಾದ್ರ ಬಿರುಕು.

ಬೀದರ್ ಬಾಟ್ಲಿ:
ಗೌಡ್ರ, ಡಬ್ಬಿ ಸೀಳಿಸ್ಕೊಂಡವ್ರು ನಮಗ ಪಾಠ ಹೇಳ್ಬ್ಯಾಡ್ರಿ. ಕಾಯಿಸಿದ್ದು ಬೇಗ ಮುರೀತದ ಅಂತ ಯಾಕ ಹೇಳ್ಲಿಲ್ಲ?

ಭೀಮಾ ದಂಡಿ:
ಇಬ್ರೂ ಸುಮ್ಕಿರ್ರಿ. ಕಲ್ಲಿನ ಸುತ್ತಿಗಿಲೇ ತೆಳ್ಳಗ ಮಾಡ್ಲಿಕ್ಕೆ ಭಾಳ ಕಷ್ಟ, ಮೆತ್ತನ್ನ ಸುತ್ತಿಗಿ ಬೇಕು. ನಮ್ಮ ಗೆಳೆಯಾಂವ ಒಬ್ಬನ ಹತ್ರ ಜಿಂಕಿ ಕೊಂಬು ಅದ, ಏನ್ ಚಕ್ಕಿ ಎಬ್ಬಿಸ್ತದ ಅಂತೀರಿ!

ಕಲಬುರಗಿ ಮಾಸ್ತರ್:
ಇದನ್ನ ಇಲ್ಲಿ ಬರೀಬ್ಯಾಡ್ರಿ. ಜಿಂಕಿ ಕೊಂಬು ಇಟ್ಕೊಳ್ಳೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ತಾನಾಗಿ ಉದುರಿದ್ದಾದ್ರೂ ಅಷ್ಟೇ. ಜಾಲಿ ಕಟ್ಟಿಗಿ, ಹುಣಸಿ ಕಟ್ಟಿಗಿ ಸುತ್ತಿಗಿಲೇ ಮಾಡ್ತೀನಿ ನಾನು, ಪುಕಟ್ ಸಿಗ್ತದ, ಬೇಗ ತಿಕ್ಕಿ ಹೋಗ್ತದ, ಮತ್ತ ಕೊಯ್ಕೋಬೇಕು ಅಷ್ಟೇ. ಇನ್ನೊಂದ್ ಮಾತು, ಸುರಪುರದಾಂವ್ರೇ, ಹೊಲದಾಗ ಸಿಕ್ಕಿದ್ದೆಲ್ಲಾ ಕಚ್ಚಾ ಮಾಲು ಅಂತ ತಿಳೀಬ್ಯಾಡ್ರಿ. ನಿಮ್ ಹುಣಸಗಿ-ಬೈಚಬಾಳ ಕಣಿವಿಯಾಗ ಹಳೇ ಶಿಲಾಯುಗದ ಆಯುಧ ರಾಶಿ ರಾಶಿ ಅವ. ಅಲ್ಲೇ ಇಸಾಂಪುರದಾಗ ಪುರಾತತ್ವದ ಪದ್ದಯ್ಯನವ್ರು ಉತ್ಖನನ ಮಾಡಿ ತೋರ್ಸ್ಯಾರ, ಸುಮಾರು 12 ಲಕ್ಷ ವರ್ಷ ಹಿಂದಿನ ಕೆಲಸದ ಜಾಗ ಅದು. ಆ ಕಾಲದ ಮಂದಿ ಈ ಉಬ್ಬಿನ ಜಂಜಾಟಕ್ಕೆ ಹೋಗೇ ಇಲ್ಲ. ಸುಣ್ಣಗಲ್ಲಿನ ಹಾಸು ಎಬ್ಬಿಸಿ, ಬೇಕಾದಷ್ಟು ದಪ್ಪಿರೋದು ಆರಿಸ್ಕೊಂಡು ಅಂಚು ಹೊಡದಾರ.

ಶಹಾಬಾದ್ ಕಾಕಾ:
ಹಂಗಂದ್ರ ಫರ್ಶಿ ಮ್ಯಾಲ ಕಲೀ ತಮ್ಮಾ, ಮನಿಗೆ ಹಾಸೋ ಈ ಕಲ್ಲೂ ಸುಣ್ಣಗಲ್ಲೇ! ನಮ್ಮಲ್ಲಿ ಫರ್ಶಿ ತುಂಡು ಖಣಿ ಮುಂದ ಬಿದ್ದಿರ್ತಾವ.

ಸೇಡಂ ಗೌಡ:
ಕಾಕಾ ಫರ್ಶಿ ಮೆತ್ತಗ, ಏಟಿಗೆ ಪುಡಿ ಆಗ್ತದ. ಇಸಾಂಪುರದ್ದು ಸಿಲಿಕಾ ಸೇರಿ ಗಟ್ಟಿಯಾದ ಸುಣ್ಣಗಲ್ಲು. ಮನಿ ಹಾಸೋದೂ ಕೊಡ್ಲಿ ಮಾಡೋದೂ ಒಂದೇ ಅಂದ್ರ ಹ್ಯಾಂಗ.

ಶಹಾಬಾದ್ ಕಾಕಾ:
ನಾ ಹುಟ್ಟಿದ್ದೇ ಫರ್ಶಿ ಖಣಿ ಮಗ್ಗಲಾಗ. ನೀ ಕುಳ್ಳು ಸುಡ್ತಾ ಕೂಡು.

ಚಿತ್ತಾಪುರ ಅಕ್ಕಾ:
ಇಷ್ಟು ಮಂದಿಯಾಗ ಒಬ್ರಾದ್ರೂ ಧೂಳಿನ ಬಗ್ಗೆ ಹೇಳಿದ್ರೇನು? ನಮ್ ಮಾವ ಕ್ರಷರಿನ್ಯಾಗ ದುಡದು ಸಿಲಿಕೋಸಿಸ್ (ಕಲ್ಲಿನ ಧೂಳಿಂದ ಬರೋ ಪುಪ್ಪಸದ ರೋಗ) ಹಚ್ಕೊಂಡು ಉಸುರು ಬಿಡ್ಲಿಕ್ಕೆ ಒದ್ದಾಡಿ ಹೋದ. ಚರ್ಟಿನ ಧೂಳೂ ಅದೇ ಸಿಲಿಕಾ. ಹೊರಗ, ಗಾಳಿಗೆ ಬೆನ್ನು ಕೊಟ್ಟು ಕೂಡ್ರಿ, ಎನ್95 ಮಾಸ್ಕ್ ಹಾಕ್ರಿ, ಕಣ್ಣಿಗೆ ಕನ್ನಡಕ. ಚಕ್ಕಿ ಚೂರು ಅಂಗಳದಾಗ ಬಿಡಬ್ಯಾಡ್ರಿ, ನಮ್ ಹುಡುಗನ ಹಿಮ್ಮಡಿ ಸೀಳಿ ಮೂರು ಹೊಲಿಗಿ ಬಿದ್ವು, ದವಾಖಾನಿಗೆ 700 ಹೋಯ್ತು.

ಬೀದರ್ ಬಾಟ್ಲಿ:
ಅಕ್ಕಾ ಖರೆ ಹೇಳಿದ್ರಿ. ಗ್ಲಾಸ್ ಧೂಳಿಗೂ ಮಾಸ್ಕ್ ಹಾಕ್ರಿ, ಅದೂ ಚಲೋ ಅಲ್ಲ.

ಸುರಪುರದಾಂವ:
ಅಂಚು ಇಳಿಸಿ ತಿಕ್ಕಿ ಹೊಡದೆ, ಬಾಟ್ಲಿ ಅಣ್ಣಾ ಹೇಳ್ದಂಗ. ಒಂದು ಚಕ್ಕಿ ಉಬ್ಬು ದಾಟೇ ಹೋಯ್ತು! ಮುಂದಿಂದು ತುದಿ ಮುರದ್ಹೋಯ್ತು. ತಾಮ್ರ ತರ್ಲೋ ಬ್ಯಾಡೋ?

ಶಹಾಬಾದ್ ಕಾಕಾ:
ತಾ.

ಕಲಬುರಗಿ ಮಾಸ್ತರ್:
ಬ್ಯಾಡ. ಜಾಲಿ ಕಟ್ಟಿಗಿ.

ಸೇಡಂ ಗೌಡ:
ಜಾಲಿ ಕಟ್ಟಿಗಿಲೇ ಕಾಯಿಸ್ಲಾರ್ದ ಚರ್ಟ್ ಏಳ್ತದೇನ್ರಿ ಮಾಸ್ತರ್? ವೀಡಿಯೋ ಹಾಕ್ರಿ, ಆಮ್ಯಾಲ ಮಾತಾಡೂಣು.